ಟೇಬಲ್‌ಟಾಪ್ ಆಟಕ್ಕೆ ತೂಕ ತಪ್ಪದ ಪಾತ್ರ, ಶಕ್ತಿ ಕಟ್ಟುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಮೇಜಿನ ಸುತ್ತ ನಾಲ್ಕು ಜನ ಆಟಗಾರರು ಕೂತಿದ್ದಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಒಂದು ಕಥೆ ಆಡುತ್ತಿದ್ದಾರೆ. ಬಾಗಿಲು ಒಡೆಯುವುದು, ಕಾವಲುಗಾರನನ್ನು ಮಾತಲ್ಲಿ ಮರುಳು ಮಾಡುವುದು, ರಾಕ್ಷಸನನ್ನು ಕೆಡವುವುದು, ಎಲ್ಲವೂ ಒಬ್ಬರ ಪಾತ್ರದಿಂದಲೇ ಆಗುತ್ತಿದೆ. ಉಳಿದ ಮೂವರು ಫೋನ್ ನೋಡುತ್ತಿದ್ದಾರೆ. ಪಾತ್ರದ ತೂಕ ತಪ್ಪಿದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಇಲ್ಲ. ಎಲ್ಲರ ಹಾಳೆಯಲ್ಲೂ ಒಂದೇ ಅಂಕಿ ಇರಬೇಕು ಅಂತ ನಾನು ಹೇಳುತ್ತಿಲ್ಲ. ಪ್ರತಿಯೊಬ್ಬರಿಗೂ ತಮ್ಮ ಸರದಿ ಸಿಗಬೇಕು, ಆ ಸರದಿಯಲ್ಲಿ ಅವರು ಮಾಡಿದ ಆಯ್ಕೆಗೆ ಬೆಲೆ ಇರಬೇಕು. ಸಮತೋಲನ ಅಂತ ನಾನು ಕರೆಯುವುದು ಇದನ್ನೇ. ಮುಂದಿನ ಎಲ್ಲ ಲೆಕ್ಕವೂ ಇದಕ್ಕಾಗಿಯೇ.

ಉದಾಹರಣೆಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ 2014ರ ನಿಯಮಗಳನ್ನು ತೆಗೆದುಕೊಂಡಿದ್ದೇನೆ. 2024ರಲ್ಲಿ ಪರಿಷ್ಕೃತ ನಿಯಮಗಳು ಬರುವವರೆಗೆ ಹೊಸಬರು ಹೆಚ್ಚಾಗಿ ಶುರು ಮಾಡುತ್ತಿದ್ದದ್ದು ಇಲ್ಲಿಂದಲೇ. ಅದರ ಮೂಲ ನಿಯಮಗಳ ಒಂದು ಭಾಗ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿಯಲ್ಲಿ ಉಚಿತವಾಗಿ ಸಿಗುತ್ತದೆ. ಆಟ ನಡೆಸುವವರನ್ನು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ ಎನ್ನುತ್ತೇವೆ. ಡಿ20 ಅಂದರೆ ಇಪ್ಪತ್ತು ಮುಖದ ದಾಳ, 2ಡಿ6 ಅಂದರೆ ಆರು ಮುಖದ ಎರಡು ದಾಳ.

ಹಂತ 1: ಮೊದಲು ಆಟ ಎಂಥದ್ದು ಅಂತ ಕೇಳಿ

ಪಾತ್ರ ಕಟ್ಟುವ ಮೊದಲು ಎಲ್ಲರೂ ಕೂತು ಮಾತಾಡುವ ಒಂದು ಸೆಷನ್ ಇರಲಿ. ಇದನ್ನು ಸೆಷನ್ ಝೀರೋ ಎನ್ನುತ್ತಾರೆ. ಈ ಆಟ ಮೂರು ಕಂಬಗಳ ಮೇಲೆ ನಿಂತಿದೆ: ಹೋರಾಟ, ಜನರೊಂದಿಗೆ ಮಾತುಕತೆ, ಗೊತ್ತಿಲ್ಲದ ಜಾಗಗಳ ಹುಡುಕಾಟ. ನಿಮ್ಮ ಡಿಎಂ ಯಾವುದಕ್ಕೆ ಎಷ್ಟು ಜಾಗ ಕೊಡುತ್ತಾರೆ ಅಂತ ಕೇಳಿ. ಅರಮನೆಯ ಪಿತೂರಿಯ ಕಥೆಯಲ್ಲಿ ಮನಸ್ಸು ಓದುವವಳು ರಾಣಿ. ಅದೇ ಪಾತ್ರ ಕಾಡುಮೃಗಗಳ ಗುಹೆಯಲ್ಲಿ ಸುಮ್ನೆ ನಿಂತಿರಬೇಕಾಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ಕಥೆಯ ಒಂದು ದಿನದಲ್ಲಿ ಎಷ್ಟು ಹೋರಾಟ ಬರುತ್ತದೆ? 2014ರ ನಿಯಮಗಳು ಎಂಟು ಗಂಟೆಯ ಎರಡು ದೀರ್ಘ ವಿಶ್ರಾಂತಿಗಳ ನಡುವೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಹೋರಾಟಗಳನ್ನು ತಾಳಿಕೊಳ್ಳುವ ತಂಡವನ್ನು ಲೆಕ್ಕಕ್ಕೆ ಇಟ್ಟುಕೊಂಡಿವೆ. ನಿಮ್ಮ ಮೇಜಿನಲ್ಲಿ ದಿನಕ್ಕೆ ಒಂದೇ ಹೋರಾಟ ಬರುವುದಾದರೆ ಲೆಕ್ಕ ಬುಡಮೇಲು. ಆಗ "ದಿನಕ್ಕೆ ಎರಡು ಸಲ" ಅನ್ನುವ ಮಿತಿ ಹೆಸರಿಗೆ ಮಾತ್ರ. ಪ್ರತಿ ಹೋರಾಟದಲ್ಲೂ ಆ ಶಕ್ತಿ ಕೈಯಲ್ಲಿ ತಯಾರಿರುತ್ತದೆ. ಗದೆ ಬೀಸುವ ಫೈಟರ್‌ಗೆ ಮಾತ್ರ ಇದರಿಂದ ಹೆಚ್ಚು ಲಾಭವಿಲ್ಲ, ಅವನ ಹೊಡೆತಕ್ಕೆ ದಿನದ ಮಿತಿಯೇ ಇಲ್ಲ.

ಹಂತ 2: ಆರು ಅಂಕಿಗಳು

ಪ್ರತಿ ಪಾತ್ರಕ್ಕೂ ಆರು ಗುಣಗಳ ಅಂಕಿ ಇರುತ್ತದೆ: ಸ್ಟ್ರೆಂತ್ (ಬಲ), ಡೆಕ್ಸ್ಟೆರಿಟಿ (ಚುರುಕುತನ), ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ), ಇಂಟೆಲಿಜೆನ್ಸ್ (ಬುದ್ಧಿ), ವಿಸ್ಡಮ್ (ವಿವೇಕ), ಕರಿಸ್ಮಾ (ಆಕರ್ಷಣೆ). ನಾಲ್ಕು ದಾಳ ಉರುಳಿಸಿ ಕಡಿಮೆ ಬಂದದ್ದನ್ನು ಬಿಡುವ ಪದ್ಧತಿ ಮಜವಾಗಿರುತ್ತದೆ, ನಿಜ. ಆದರೆ ಒಬ್ಬರಿಗೆ 18, 17, 16 ಬಂದು ಪಕ್ಕದವರಿಗೆ 13ರ ಮೇಲೆ ಒಂದೂ ಬರದಿದ್ದರೆ ಆ ಅಂತರ ಇಡೀ ಕ್ಯಾಂಪೇನ್ (ಹಲವು ಸೆಷನ್ ನಡೆಯುವ ಕಥೆ) ಉದ್ದಕ್ಕೂ ಉಳಿಯುತ್ತದೆ. ತೂಕ ಮುಖ್ಯ ಅನ್ನುವವರು ಪಾಯಿಂಟ್ ಬೈ ಬಳಸಿ. ಎಲ್ಲರಿಗೂ 27 ಪಾಯಿಂಟ್. 8ರಿಂದ ಶುರು, 15 ಮಿತಿ. 13ರವರೆಗೆ ಪ್ರತಿ ಮೆಟ್ಟಿಲಿಗೆ ಒಂದು ಪಾಯಿಂಟ್, ಅಲ್ಲಿಂದ ಮೇಲಕ್ಕೆ ಎರಡೆರಡು. ಹಾಗಾಗಿ 13ಕ್ಕೆ 5, 14ಕ್ಕೆ 7, 15ಕ್ಕೆ 9. ಲೆಕ್ಕ ಬೇಡ ಅನ್ನುವವರಿಗೆ 15, 14, 13, 12, 10, 8 ಅನ್ನುವ ಸಿದ್ಧ ಪಟ್ಟಿ ಇದೆ. ಕೂಡಿ ನೋಡಿ, ಅದೂ ಸರಿಯಾಗಿ 27.

ಈ ಮಾರ್ಗದರ್ಶಿಗೆ ಒಂದು ಪಾತ್ರ ಮಾಡಿಕೊಳ್ಳೋಣ. ಹೆಸರು ಗಂಗವ್ವ. ನೇಕಾರರ ಮನೆಯ ಹೆಂಗಸು, ಮಗ್ಗದ ನೂಲಿಗೆ ಜೀವ ಬರಿಸಬಲ್ಲಳು. ಕ್ಲಾಸ್ (ಪಾತ್ರದ ಕಸುಬು) ರೋಗ್, ಅಂದರೆ ಕಳ್ಳಹೆಜ್ಜೆಯ ಚತುರೆ. ಕುಲ ವೇರಿಯಂಟ್ ಹ್ಯೂಮನ್, ಅಂದರೆ ಮನುಷ್ಯರಲ್ಲೇ ಒಂದು ಬಗೆ. ಲೆವೆಲ್ 1, ಅಂದರೆ ಬೆಳವಣಿಗೆಯ ಮೊದಲ ಮೆಟ್ಟಿಲು. ವೇರಿಯಂಟ್ ಹ್ಯೂಮನ್‌ಗೆ ಎರಡು ಅಂಕಿಗಳಲ್ಲಿ ಒಂದೊಂದು ಹೆಚ್ಚುತ್ತದೆ, ಜೊತೆಗೆ ಒಂದು ಸ್ಕಿಲ್, ಒಂದು ಫೀಟ್ (ವಿಶೇಷ ಸಾಮರ್ಥ್ಯ) ಸಿಗುತ್ತದೆ. ಸಿದ್ಧ ಪಟ್ಟಿಯಿಂದ ಡೆಕ್ಸ್ಟೆರಿಟಿ 16, ವಿಸ್ಡಮ್ 14, ಕಾನ್‌ಸ್ಟಿಟ್ಯೂಷನ್ 14, ಕರಿಸ್ಮಾ 12, ಇಂಟೆಲಿಜೆನ್ಸ್ 10, ಸ್ಟ್ರೆಂತ್ 8. ಆ 8 ಅಂಕವನ್ನು ನಾಚಿಕೆಯಿಂದ ಮುಚ್ಚಿಡಬೇಡಿ. ಬಂಡೆ ಸರಿಸಬೇಕಾದಾಗ ಗಂಗವ್ವ ಬೇರೆಯವರನ್ನು ಕರೆಯಲೇಬೇಕು. ಆಗ ತಾನೇ ಸ್ಟ್ರೆಂತ್ 16 ಇಟ್ಟುಕೊಂಡ ಗೆಳೆಯನಿಗೆ ಕೆಲಸ ಸಿಗುವುದು!

ಹಂತ 3: ಹೊಸ ಶಕ್ತಿ ನಿಜಕ್ಕೂ ಬೇಕಾ?

ಹೊಸ ನಿಯಮ ಬರೆಯುವ ಮೊದಲು ಇರುವ ನಿಯಮಕ್ಕೇ ಬೇರೆ ವೇಷ ಹಾಕಿ ನೋಡಿ. ನೂಲು ಎಸೆದು ಶತ್ರುವನ್ನು ಕಟ್ಟಬೇಕಾ? ಪ್ರಕೃತಿಯ ಮಂತ್ರಗಾರರಾದ ಡ್ರೂಯಿಡ್‌ಗಳ ಎಂಟ್ಯಾಂಗಲ್ ಅನ್ನುವ ಒಂದನೇ ಲೆವೆಲ್ ಸ್ಪೆಲ್‌ನಲ್ಲಿ (ಸ್ಪೆಲ್ ಅಂದರೆ ಮಂತ್ರ, ಅದರ ಲೆವೆಲ್ ಪಾತ್ರದ ಲೆವೆಲ್‌ಗಿಂತ ಬೇರೆ ಲೆಕ್ಕ) ನೆಲದಿಂದ ಬಳ್ಳಿ ಎದ್ದು ಕಾಲು ಹಿಡಿಯುತ್ತದೆ. ಬಳ್ಳಿ ಇದ್ದ ಕಡೆ ನೂಲು ಅಂತ ಬರೆದುಕೊಂಡರೆ ಕೆಲಸ ಮುಗಿಯಿತು. ಅಂಕಿ ಒಂದೂ ಬದಲಾಗಲಿಲ್ಲ, ತೂಕ ತಪ್ಪುವ ಭಯವೂ ಇಲ್ಲ. ಹೊಸ ಶಕ್ತಿ ಕೇಳುವವರಲ್ಲಿ ಬಹಳ ಜನಕ್ಕೆ ಇಷ್ಟೇ ಸಾಕಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಅವರಿಗೆ ಬೇಕಿರುವುದು ಹೊಸ ಗಣಿತ ಅಲ್ಲ, ತಮ್ಮದೇ ಚಿತ್ರ.

ಗಂಗವ್ವ ಡ್ರೂಯಿಡ್ ಆಗಲು ಒಪ್ಪುತ್ತಿಲ್ಲ ಅಂದುಕೊಳ್ಳಿ. ಆಗ ಮುಂದಿನ ಹಂತ.

ಹಂತ 4: ಶಕ್ತಿಯನ್ನು ಪ್ರಶ್ನೆಗಳಾಗಿ ಬಿಡಿಸಿ

ಆಟಗಾರರು ಮೊದಲು ತರುವ ವಾಕ್ಯ ಸಾಮಾನ್ಯವಾಗಿ ಹೀಗಿರುತ್ತದೆ: "ಗಂಗವ್ವ ಯಾರನ್ನು ಬೇಕಾದರೂ ನೂಲಿನಿಂದ ಕಟ್ಟಿಹಾಕಬಲ್ಲಳು." ಚೆಂದದ ವಾಕ್ಯ, ಇಟ್ಟುಕೊಳ್ಳಿ. ಆದರೆ ಆಡಲು ಇದು ಸಾಲದು. ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ:

- ಎಷ್ಟು ಜನರ ಮೇಲೆ, ಎಷ್ಟು ದೂರದಿಂದ?
- ಸರದಿಯಲ್ಲಿ ಯಾವುದನ್ನು ಖರ್ಚು ಮಾಡುತ್ತದೆ: ಆ್ಯಕ್ಷನ್ (ಸರದಿಯ ಮುಖ್ಯ ಕೆಲಸ), ಬೋನಸ್ ಆ್ಯಕ್ಷನ್ (ಅದರ ಜೊತೆಗಿನ ಚಿಕ್ಕ ಕೆಲಸ), ರಿಯಾಕ್ಷನ್ (ಬೇರೆಯವರ ನಡೆಗೆ ತಕ್ಷಣದ ಉತ್ತರ)?
- ತಪ್ಪಿಸಿಕೊಳ್ಳಲು ಎದುರಾಳಿಗೆ ಯಾವ ದಾಳ?
- ಎಷ್ಟು ಹೊತ್ತು? ನಡುವೆ ಬಿಡಿಸಿಕೊಳ್ಳುವ ದಾರಿ ಏನು?
- ಎಷ್ಟು ಸಲ, ಯಾವ ವಿಶ್ರಾಂತಿಯ ನಂತರ ಮರಳುತ್ತದೆ?
- ಯಾರ ಮೇಲೆ ನಡೆಯುವುದೇ ಇಲ್ಲ?

ಇವುಗಳಲ್ಲಿ ಎರಡನೆಯದೇ ಎಲ್ಲಕ್ಕಿಂತ ಭಾರದ್ದು. ಹೊಸಬರು ಅದನ್ನೇ ಹಗುರವಾಗಿ ನೋಡುತ್ತಾರೆ. ಸಾಮಾನ್ಯವಾಗಿ ಒಂದು ಸುತ್ತಿನಲ್ಲಿ ಒಬ್ಬರಿಗೆ ಸಿಗುವುದು ಒಂದು ಆ್ಯಕ್ಷನ್, ಹೆಚ್ಚೆಂದರೆ ಒಂದು ಬೋನಸ್ ಆ್ಯಕ್ಷನ್, ಒಂದು ರಿಯಾಕ್ಷನ್. ಶಕ್ತಿ ಆ್ಯಕ್ಷನ್ ಕೇಳಿದರೆ ಆ ಸುತ್ತಿನ ಹೊಡೆತ ಬಿಡಬೇಕು. ಬೋನಸ್ ಆ್ಯಕ್ಷನ್ ಕೇಳಿದರೆ ಹೊಡೆತವೂ ಉಂಟು, ಶಕ್ತಿಯೂ ಉಂಟು. ಏನೂ ಕೇಳದೆ ಯಾವಾಗಲೂ ಚಾಲೂ ಇರುವ ಶಕ್ತಿಗೆ ಇನ್ನೂ ಜಾಸ್ತಿ ಬೆಲೆ ಕಟ್ಟಬೇಕು.

ಜೊತೆಗೆ ತನ್ನದೇ ಕ್ಲಾಸ್‌ನೊಂದಿಗೆ ಶಕ್ತಿ ಹೇಗೆ ಬೆರೆಯುತ್ತದೆ ಅಂತ ನೋಡಿ. ಕಟ್ಟಿಬಿದ್ದ ಸ್ಥಿತಿಗೆ ನಿಯಮದಲ್ಲಿ ರಿಸ್ಟ್ರೇನ್ಡ್ ಎಂದು ಹೆಸರು. ಆ ಸ್ಥಿತಿಯಲ್ಲಿರುವವನ ವೇಗ ಸೊನ್ನೆ, ಅವನ ಹೊಡೆತಕ್ಕೆ ಡಿಸ್ಅಡ್ವಾಂಟೇಜ್, ಅವನ ಮೇಲಿನ ಹೊಡೆತಕ್ಕೆ ಅಡ್ವಾಂಟೇಜ್. ಅಂದರೆ ಎರಡು ಡಿ20 ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ರೋಗ್‌ನ ಸ್ನೀಕ್ ಅಟ್ಯಾಕ್ ಅನ್ನುವ ಹೆಚ್ಚುವರಿ ಏಟಿಗೆ ಬೇಕಿರುವುದೂ ಅಡ್ವಾಂಟೇಜೇ, ಇಲ್ಲವಾದರೆ ಗುರಿಯ ಪಕ್ಕದಲ್ಲೇ ನಿಂತ ಒಬ್ಬ ಗೆಳೆಯ. ಹಾಗಾಗಿ ಇದನ್ನು ಬೋನಸ್ ಆ್ಯಕ್ಷನ್ ಮಾಡಿಬಿಟ್ಟರೆ ಗಂಗವ್ವ ತಾನೇ ಕಟ್ಟಿ, ಅದೇ ಸರದಿಯಲ್ಲಿ ತಾನೇ ಸ್ನೀಕ್ ಅಟ್ಯಾಕ್ ಹೊಡೆಯುತ್ತಾಳೆ. ಗೆಳೆಯರ ಅಗತ್ಯವೇ ಬೀಳುವುದಿಲ್ಲ. ಆ್ಯಕ್ಷನ್ ಮಾಡಿದರೆ ಅವಳು ಕಟ್ಟಬೇಕು, ಮೊದಲ ಲಾಭ ಗೆಳೆಯರು ಪಡೆಯಬೇಕು. ನನ್ನ ಮತ ಆ್ಯಕ್ಷನ್‌ಗೆ, ಅದರಲ್ಲಿ ಅನುಮಾನವೇ ಇಲ್ಲ.

ಹಂತ 5: ಇರುವುದರ ಪಕ್ಕದಲ್ಲಿಟ್ಟು ಅಳೆಯಿರಿ

ಗಾಳಿಯಲ್ಲಿ ತೂಕ ಹೇಳಲು ಆಗುವುದಿಲ್ಲ. ಅದೇ ಲೆವೆಲ್‌ನಲ್ಲಿ ನಿಯಮವೇ ಕೊಡುವ ಒಂದು ವಸ್ತುವಿನ ಪಕ್ಕದಲ್ಲಿಡಿ.

ಏಟು ಕೊಡುವ ಶಕ್ತಿಗೆ ಇದು ಸುಲಭ. ಹೊಸ ಸ್ಪೆಲ್ ಮಾಡುವವರಿಗಾಗಿ 2014ರ ಡಿಎಂ ಪುಸ್ತಕದಲ್ಲಿ ಒಂದು ಪಟ್ಟಿ ಇದೆ. ಒಂದನೇ ಲೆವೆಲ್ ಸ್ಪೆಲ್ ಒಬ್ಬನಿಗೆ 2ಡಿ10, ಹಲವರಿಗಾದರೆ 2ಡಿ6. ಮೂರನೇ ಲೆವೆಲ್‌ಗೆ 5ಡಿ10 ಮತ್ತು 6ಡಿ6. ಆರು ಮುಖದ ದಾಳದ ಸರಾಸರಿ 3.5, ಹತ್ತು ಮುಖದ್ದಕ್ಕೆ 5.5. ಹಾಗಾಗಿ ಹಲವರಿಗೆ ಬೀಳುವ ಮೂರನೇ ಲೆವೆಲ್ ಸ್ಪೆಲ್‌ನ ಸರಾಸರಿ 21 ಇರಬೇಕು. ಎಲ್ಲರಿಗೂ ಗೊತ್ತಿರುವ ಫೈರ್‌ಬಾಲ್ 8ಡಿ6, ಅಂದರೆ ಸರಾಸರಿ 28. ಅದು ಆಟದ ಪಟ್ಟಿಯನ್ನೇ ಮೀರಿದೆ! ಆದ್ದರಿಂದ "ಫೈರ್‌ಬಾಲ್‌ನಷ್ಟೇ ಇದೆಯಲ್ಲ" ಅನ್ನುವ ವಾದವನ್ನು ಒಪ್ಪಬೇಡಿ. ಅದು ಸರಾಸರಿ ಸ್ಪೆಲ್ ಅಲ್ಲ, ತುತ್ತತುದಿಯದ್ದು.

ಸ್ಥಿರವಾದ ಬೋನಸ್ ಕೊಡುವ ಶಕ್ತಿಗೆ ಮಾಂತ್ರಿಕ ವಸ್ತುಗಳೇ ಅಳತೆ. +1 ಆಯುಧ ಅನ್‌ಕಾಮನ್ ದರ್ಜೆ, +1 ಕವಚ ರೇರ್, +3 ಕವಚ ಲೆಜೆಂಡರಿ. ಡಿ20ರಲ್ಲಿ ಒಂದೊಂದು ಅಂಕವೂ ಶೇಕಡಾ 5ರಷ್ಟು ಅವಕಾಶ. "ನನ್ನ ಚರ್ಮ ಕಲ್ಲಿನದು, ಕವಚಕ್ಕೆ ಯಾವಾಗಲೂ +3" ಅಂತ ಲೆವೆಲ್ 1ರಲ್ಲಿ ಕೇಳುವವರು ಏನು ಕೇಳುತ್ತಿದ್ದಾರೆ ಅಂತ ಈಗ ಗೊತ್ತಾಯಿತಲ್ವಾ?

ಗಂಗವ್ವನ ಶಕ್ತಿಗೆ ನಾವು ಕೊಡಬಹುದಾದ ಜಾಗ ಅವಳ ಒಂದು ಫೀಟ್. ಮ್ಯಾಜಿಕ್ ಇನಿಷಿಯೇಟ್ ಅನ್ನುವ ಫೀಟ್ ಎರಡು ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಬಳಸಬಹುದಾದ ಚಿಕ್ಕ ಮಂತ್ರ) ಕೊಡುತ್ತದೆ, ಜೊತೆಗೆ ಒಂದನೇ ಲೆವೆಲ್‌ನ ಒಂದು ಸ್ಪೆಲ್ಲನ್ನು ದೀರ್ಘ ವಿಶ್ರಾಂತಿಗೆ ಒಮ್ಮೆ. ಅದೇ ಫೀಟ್‌ನಲ್ಲಿ ಎಂಟ್ಯಾಂಗಲ್ ತೆಗೆದುಕೊಂಡರೆ 20 ಅಡಿ ಚೌಕದಲ್ಲಿ ಇರುವವರನ್ನೆಲ್ಲ ದಿನಕ್ಕೊಮ್ಮೆ ಹಿಡಿಯಬಹುದು. ಗಂಗವ್ವನಿಗೆ ಕ್ಯಾಂಟ್ರಿಪ್ ಇಲ್ಲ, ಚೌಕವೂ ಇಲ್ಲ, ಒಬ್ಬನೇ ಗುರಿ. ಬದಲಿಗೆ ದಿನಕ್ಕೆ ಎರಡು ಸಲ. ನೋಡಲು ಸಮ ಅನಿಸುತ್ತದೆ. ಈಗ ಲೆಕ್ಕ ಹಾಕೋಣ.

ಹಂತ 6: ಪೆನ್ನು ಹಿಡಿಯಿರಿ

ಶಕ್ತಿಯಿಂದ ತಪ್ಪಿಸಿಕೊಳ್ಳಲು ಎದುರಾಳಿ ಉರುಳಿಸುವ ಡಿ20ಗೆ ಸೇವ್ ಎಂದು ಹೆಸರು. ಅವನು ಮುಟ್ಟಬೇಕಾದ ಸೇವ್ ಮಟ್ಟ: 8 + ಪ್ರೊಫಿಷಿಯೆನ್ಸಿ (ಲೆವೆಲ್ ಜೊತೆ ಏರುವ ಪರಿಣತಿಯ ಬೋನಸ್) 2 + ಡೆಕ್ಸ್ಟೆರಿಟಿ 16 ಕೊಡುವ ಬೋನಸ್ 3 = 13. ಸ್ಟ್ರೆಂತ್ ಸೇವ್ +1 ಇರುವ ಶತ್ರು ತಪ್ಪಿಸಿಕೊಳ್ಳಲು ಡಿ20ರಲ್ಲಿ 12 ಅಥವಾ ಮೇಲೆ ಬೇಕು. ಹಾಗಾಗಿ ಕಟ್ಟುಬೀಳುವ ಅವಕಾಶ ಶೇಕಡಾ 55.

ಗೆಳೆಯ ಫೈಟರ್ ಗ್ರೇಟ್‌ಸ್ವೋರ್ಡ್ ಬೀಸುತ್ತಾನೆ. 2ಡಿ6+3, ಸರಾಸರಿ 10. ಹೊಡೆಯುವಾಗ ಡಿ20ಗೆ ಅವನು ಸೇರಿಸುವ +5ಕ್ಕೆ ಎದುರು ಶತ್ರುವಿನ ಕವಚ (ಹೊಡೆತ ತಾಗಲು ಮುಟ್ಟಬೇಕಾದ ಅಂಕಿ) 13 ಇದ್ದರೆ ಶೇಕಡಾ 65 ತಾಗುತ್ತದೆ, ಅಂದರೆ ಸುತ್ತಿಗೆ 6.5. ಅಡ್ವಾಂಟೇಜ್ ಸಿಕ್ಕರೆ ಸುಮಾರು ಶೇಕಡಾ 88, ಸುತ್ತಿಗೆ 8.8. ಲಾಭ 2.3. ಮೂವರು ಗೆಳೆಯರೂ ಇಷ್ಟೇ ಜೋರಾಗಿ ಹೊಡೆಯುವವರು ಅಂದುಕೊಂಡರೂ ಒಟ್ಟು ಲಾಭ ಸುತ್ತಿಗೆ ಸುಮಾರು 7.

ಗಂಗವ್ವ ಬಿಟ್ಟುಕೊಟ್ಟದ್ದು ಏನು? ಶಾರ್ಟ್‌ಬೋ ಬಾಣ, ಸ್ನೀಕ್ ಅಟ್ಯಾಕ್ ಸೇರಿ ಸರಾಸರಿ 10, ಶೇಕಡಾ 65ಕ್ಕೆ 6.5.

ಶತ್ರು ತನ್ನ ಪ್ರತಿ ಸರದಿಯ ಕೊನೆಗೆ ಮತ್ತೆ ಸೇವ್ ಉರುಳಿಸುವ ನಿಯಮ ಇಟ್ಟರೆ, ಒಮ್ಮೆ ಕಟ್ಟುಬಿದ್ದವನು ಸರಾಸರಿ ಎರಡು ಸುತ್ತಿಗಿಂತ ತುಸು ಜಾಸ್ತಿ ಸಿಕ್ಕಿಕೊಂಡಿರುತ್ತಾನೆ. ಅಲ್ಲಿಗೆ ಲಾಭ ಸುಮಾರು 15. ಕಟ್ಟುಬೀಳುವುದೇ ಶೇಕಡಾ 55, ಹಾಗಾಗಿ 8ರ ಮೇಲೆ. ಬಿಟ್ಟುಕೊಟ್ಟ 6.5ಕ್ಕಿಂತ ಸ್ವಲ್ಪ ಹೆಚ್ಚು. ಅದರ ಮೇಲೆ ಶತ್ರುವಿನ ಹೊಡೆತವೂ ಕುಗ್ಗುತ್ತದೆ. ದಿನಕ್ಕೆ ಎರಡೇ ಸಲ ಸಿಗುವ ಶಕ್ತಿಗೆ ಇಷ್ಟು ಲಾಭ ಇರಲೇಬೇಕು, ಇಲ್ಲದಿದ್ದರೆ ಯಾರೂ ಬಳಸುವುದಿಲ್ಲ. ಒಬ್ಬ ದಾಂಡಿಗ ಎದುರಿದ್ದಾಗ ನೂಲು ಒಳ್ಳೆಯದು, ಆರು ಜನ ಪುಡಿ ಕಳ್ಳರಿದ್ದಾಗ ಬಾಣವೇ ವಾಸಿ. ಪ್ರತಿ ಸಲವೂ ಯೋಚಿಸಿ ಆರಿಸಬೇಕಾದ ಶಕ್ತಿಯೇ ಚೆನ್ನಾಗಿ ಕಟ್ಟಿದ ಶಕ್ತಿ.

ಸೇವ್ ತೆಗೆದುಹಾಕಿ ನೋಡಿ. 6.5 ಕೊಟ್ಟು 15 ತಗೊಂಡ ಹಾಗಾಯಿತು. ಕೆಟ್ಟ ಶಕ್ತಿ ಎಲ್ಲಿ ಹುಟ್ಟುತ್ತದೆ ಅಂತ ಅಂಕಿಯೇ ಹೇಳುತ್ತದೆ.

ಹಂತ 7: ಏಟು ಕೊಡದ ಶಕ್ತಿಗಳೇ ನಿಜವಾದ ಕಷ್ಟ

ಏಟಿನ ಲೆಕ್ಕ ತಪ್ಪಿದರೆ ಎರಡು ಅಂಕಿ ತಿದ್ದಿದರಾಯಿತು. ಹಾರುವುದು, ಮಾಯವಾಗುವುದು, ಮನಸ್ಸು ಓದುವುದು, ಸತ್ತವರನ್ನು ಎಬ್ಬಿಸುವುದು ಇವು ಕಥೆಯ ಸಮಸ್ಯೆಯನ್ನೇ ಅಳಿಸಿಹಾಕುತ್ತವೆ. ಕೊಲೆಗಾರ ಯಾರು ಅನ್ನುವ ಕಥೆಯಲ್ಲಿ ಎಲ್ಲರ ಮನಸ್ಸನ್ನೂ ಓದುವವರಿದ್ದರೆ ಅದು ಐದು ನಿಮಿಷದ ಕಥೆ.

ಇಲ್ಲಿ ಆಟದ ಸ್ಪೆಲ್ ಲೆವೆಲ್‌ಗಳನ್ನೇ ಏಣಿ ಮಾಡಿಕೊಳ್ಳಿ. ಮಾಯವಾಗುವುದು, ಮನಸ್ಸು ಓದುವುದು, 30 ಅಡಿ ಜಿಗಿದು ಮಾಯವಾಗಿ ಪ್ರತ್ಯಕ್ಷವಾಗುವುದು ಎಲ್ಲವೂ ಎರಡನೇ ಲೆವೆಲ್ ಸ್ಪೆಲ್‌ಗಳು. ಪೂರ್ಣ ಮಂತ್ರಗಾರ ಪಾತ್ರಕ್ಕೂ ಅವು ಲೆವೆಲ್ 3ಕ್ಕೆ ಸಿಗುತ್ತವೆ. ಹಾರುವುದು ಮೂರನೇ ಲೆವೆಲ್ ಸ್ಪೆಲ್, ಪಾತ್ರ ಲೆವೆಲ್ 5 ತಲುಪಬೇಕು. ಸತ್ತು ಕೆಲವು ದಿನ ಆದವರನ್ನು ಎಬ್ಬಿಸುವ ರೈಸ್ ಡೆಡ್ ಪಾತ್ರದ ಲೆವೆಲ್ 9ಕ್ಕೆ, ಅದಕ್ಕೂ 500 ಚಿನ್ನದ ನಾಣ್ಯದ ವಜ್ರ ಖರ್ಚು. ಕಾಲ ನಿಲ್ಲಿಸುವ ಟೈಮ್ ಸ್ಟಾಪ್ ಲೆವೆಲ್ 17ಕ್ಕೆ. ನಿಮ್ಮ ಆಟಗಾರರು ಕೇಳಿದ್ದು ಈ ಏಣಿಯಲ್ಲಿ ಎಲ್ಲಿದೆ ಅಂತ ಹುಡುಕಿ. ಲೆವೆಲ್ 1ರಲ್ಲೇ ಬೇಕು ಅಂದರೆ ಶಕ್ತಿಯ ಒಂದು ಚೂರು ಕೊಡಿ. ಮನಸ್ಸು ಓದುವ ಬದಲು, ಎದುರಿನವರು ಭಯದಲ್ಲಿದ್ದಾರಾ ಇಲ್ಲವಾ ಅಂತ ಮಾತ್ರ ತಿಳಿಯುವುದು. ಹಾರುವ ಬದಲು ಬೀಳುವಾಗ ಪೆಟ್ಟಾಗದಿರುವುದು. ಉಳಿದ ಚೂರುಗಳು ಲೆವೆಲ್ ಏರಿದ ಹಾಗೆ ಬರಲಿ. ಕಾಯುವುದರಲ್ಲೂ ಒಂದು ಖುಷಿ ಇದೆ.

ಜೊತೆಗಾರ ಪ್ರಾಣಿ, ಗೊಂಬೆಗಳ ಸೈನ್ಯ ಕರೆಯುವ ಶಕ್ತಿಗಳ ಬಗ್ಗೆ ಒಂದು ಎಚ್ಚರಿಕೆ. ಅವು ಮೇಜಿನ ಸಮಯ ತಿನ್ನುತ್ತವೆ. ಕಾಂಜ್ಯೂರ್ ಆ್ಯನಿಮಲ್ಸ್ ಸ್ಪೆಲ್‌ನಿಂದ ಎಂಟು ಪ್ರಾಣಿಗಳು ಬಂದರೆ ಒಬ್ಬರ ಸರದಿಯಲ್ಲಿ ಎಂಟು ಸಲ ಹೆಚ್ಚಿಗೆ ದಾಳ ಉರುಳುತ್ತದೆ. ಅಂಕಿ ಸರಿಯಿದ್ದರೂ ಉಳಿದವರ ಸರದಿ ದೂರವಾಗುತ್ತದೆ.

ಹಂತ 8: ಕಚ್ಚುವ ದೌರ್ಬಲ್ಯ

"ಅವಳಿಗೆ ಸಮುದ್ರ ಕಂಡರೆ ಭಯ" ಅಂತ ಬರೆದು ಅದಕ್ಕೆ ಬದಲಾಗಿ ದೊಡ್ಡ ಶಕ್ತಿ ಕೇಳುತ್ತಾರೆ. ಕಥೆ ಮರುಭೂಮಿಯಲ್ಲಿ. ಆ ಭಯದ ಬೆಲೆ ಸೊನ್ನೆ. 1981ರಲ್ಲಿ ಬಂದ ಸೂಪರ್‌ಹೀರೋ ಆಟ ಚಾಂಪಿಯನ್ಸ್ ಪಾಯಿಂಟ್ ಕೊಟ್ಟು ಶಕ್ತಿ ಕೊಳ್ಳುವ ಪದ್ಧತಿಯನ್ನು ಬೆಳೆಸಿತು. ಆ ಪದ್ಧತಿಯ ಒಂದು ಕಟ್ಟುನಿಟ್ಟಿನ ಮಾತು ಎಲ್ಲ ಆಟಕ್ಕೂ ಸಲ್ಲುತ್ತದೆ: ಅಡ್ಡಿಯಾಗದ ಅಡ್ಡಿಗೆ ಪಾಯಿಂಟ್ ಇಲ್ಲ. ಫೇಟ್ ಅನ್ನುವ ಆಟದ ದಾರಿ ನನಗೆ ಇನ್ನೂ ಇಷ್ಟ. ಅಲ್ಲಿ ಪಾತ್ರದ ತೊಂದರೆ ಕಥೆಯಲ್ಲಿ ನಿಜವಾಗಿ ಅಡ್ಡ ಬಂದಾಗ, ಅದನ್ನು ಒಪ್ಪಿಕೊಂಡ ಆಟಗಾರನಿಗೆ ಒಂದು ಫೇಟ್ ಪಾಯಿಂಟ್ ಸಿಗುತ್ತದೆ. ಮೊದಲೇ ಸಾಲ ಕೊಡುವ ಗೋಜಿಲ್ಲ. ನಮ್ಮ ಆಟದಲ್ಲಿ ಇದಕ್ಕೆ ಹತ್ತಿರವಾದದ್ದು ಇನ್‌ಸ್ಪಿರೇಷನ್, ಪಾತ್ರವನ್ನು ಚೆನ್ನಾಗಿ ಆಡಿದ್ದಕ್ಕೆ ಡಿಎಂ ಕೊಡುವ ಅಡ್ವಾಂಟೇಜ್. ಡಿಎಂ ಅದನ್ನು ಹೀಗೆ ಬಳಸಬಹುದು.

ಗಂಗವ್ವನ ನೂಲಿಗೆ ಬೆಂಕಿ ಶತ್ರು. ಮಂತ್ರವಾದಿಗಳಾದ ವಿಝಾರ್ಡ್‌ಗಳ ವೆಬ್ (ಜೇಡರ ಬಲೆ) ಸ್ಪೆಲ್ ಕೂಡ ಬೆಂಕಿಗೆ ಉರಿದುಹೋಗುತ್ತದೆ, ಹಾಗಾಗಿ ನಿಯಮಕ್ಕೂ ಒಪ್ಪುತ್ತದೆ. ಇದು ಪಂಜು ಹಿಡಿದ ಕಾವಲುಗಾರನಿಂದ ಹಿಡಿದು ತನ್ನದೇ ತಂಡದ ವಿಝಾರ್ಡ್‌ವರೆಗೆ ಎಲ್ಲರಿಂದಲೂ ಕಚ್ಚಬಲ್ಲ ದೌರ್ಬಲ್ಯ. ಕಟ್ಟಿದವನ ಮೇಲೆ ಫೈರ್‌ಬೋಲ್ಟ್ ಹಾಕಬೇಡ ಅಂತ ಗೆಳೆಯನಿಗೆ ಕೂಗಿ ಹೇಳುವ ಸನ್ನಿವೇಶ ಆಟಕ್ಕೆ ಎಷ್ಟು ಚೆಂದ!

ಹಂತ 9: ಉರುಳಿಸಿ ನೋಡಿ

ಡಿಎಂ ಜೊತೆ ಕೂತು ಒಂದೇ ಹೋರಾಟವನ್ನು ಎರಡು ಸಲ ಆಡಿ, ಶಕ್ತಿ ಇಟ್ಟುಕೊಂಡು ಒಮ್ಮೆ, ಇಲ್ಲದೆ ಒಮ್ಮೆ. ಮೂರು ಸುತ್ತು ಸಾಕು. ಒಂಟಿ ದೊಡ್ಡ ಶತ್ರು, ಪುಡಿ ಗುಂಪು, ಶಕ್ತಿ ನಡೆಯದ ಶತ್ರು ಮೂರೂ ಇರಲಿ. ದೆವ್ವಕ್ಕೆ ರಿಸ್ಟ್ರೇನ್ಡ್ ಸ್ಥಿತಿ ತಟ್ಟುವುದಿಲ್ಲ, ಹಾಗಾಗಿ ಗಂಗವ್ವನ ಪರೀಕ್ಷೆಗೆ ಅದು ಹೇಳಿ ಮಾಡಿಸಿದ್ದು. ಶಕ್ತಿ ನಡೆಯದಾಗಲೂ ಅವಳಿಗೆ ಮಾಡಲು ಕೆಲಸ ಇದೆಯಾ ಅಂತ ನೋಡಿ.

ಮೊದಲ ಮೂರು ಸೆಷನ್ ಪ್ರಯೋಗ ಅಂತ ಮೊದಲೇ ಮಾತಾಡಿಕೊಳ್ಳಿ. ಆಗ ತಿದ್ದಿದರೆ ಯಾರಿಗೂ ಕಿತ್ತುಕೊಂಡ ಹಾಗೆ ಅನಿಸುವುದಿಲ್ಲ. ಡಿಎಂ ಗಮನಿಸಬೇಕಾದದ್ದು ಎರಡು. ಆಟಗಾರರು ಪ್ರತಿ ಸಮಸ್ಯೆಗೂ ಇದನ್ನೇ ತೆಗೆಯುತ್ತಿದ್ದಾರಾ? ಅಥವಾ ಇದು ಇದೆ ಅನ್ನುವುದನ್ನೇ ಮರೆತಿದ್ದಾರಾ? ಎರಡಕ್ಕೂ ಮದ್ದು ಬೇಕು. ತಿದ್ದುವಾಗ ಮೊದಲು ಎಷ್ಟು ಸಲ ಅನ್ನುವುದನ್ನು ಬದಲಿಸಿ, ಆಮೇಲೆ ಎಷ್ಟು ಹೊತ್ತು ಅನ್ನುವುದನ್ನು. ಶಕ್ತಿಯ ಚಿತ್ರವನ್ನು ಮಾತ್ರ ಮುಟ್ಟಬೇಡಿ, ಅದು ಆಟಗಾರರ ಸೊತ್ತು.

ಹಂತ 10: ಕಾರ್ಡ್ ಬರೆಯಿರಿ, ಮುಂದಿನ ಲೆವೆಲ್‌ಗೂ ಸೇರಿಸಿ

ಶಕ್ತಿಯ ಪೂರ್ತಿ ಬರಹ ಒಂದು ಚಿಕ್ಕ ಕಾರ್ಡ್‌ನಲ್ಲಿ ಹಿಡಿಯಬೇಕು. ಹಿಡಿಯದಿದ್ದರೆ ಅದು ಒಂದು ಶಕ್ತಿ ಅಲ್ಲ, ಎರಡೋ ಮೂರೋ ಇದೆ. ಗಂಗವ್ವನ ಕಾರ್ಡ್ ಹೀಗಿದೆ:

ನೂಲುಗಂಟು. ಆ್ಯಕ್ಷನ್. 30 ಅಡಿಯೊಳಗೆ ಕಾಣುವ ಒಬ್ಬರು, ಗಾತ್ರ ಲಾರ್ಜ್ ಅಥವಾ ಕಡಿಮೆ. ಸ್ಟ್ರೆಂತ್ ಸೇವ್, ಮಟ್ಟ 8 + ಪ್ರೊಫಿಷಿಯೆನ್ಸಿ + ಡೆಕ್ಸ್ಟೆರಿಟಿ. ಸೋತರೆ ರಿಸ್ಟ್ರೇನ್ಡ್, ಹೆಚ್ಚೆಂದರೆ ಒಂದು ನಿಮಿಷ, ಕಾನ್ಸಂಟ್ರೇಷನ್ (ಗಮನ ಅದರ ಮೇಲೇ ಹಿಡಿದಿಡುವುದು) ಬೇಕು. ಕಟ್ಟುಬಿದ್ದವರು ತಮ್ಮ ಪ್ರತಿ ಸರದಿಯ ಕೊನೆಗೆ ಮತ್ತೆ ಸೇವ್ ಉರುಳಿಸಬಹುದು. ಬೆಂಕಿಯ ಏಟು ಬಿದ್ದರೆ ಗಂಟು ಸುಟ್ಟುಹೋಗುತ್ತದೆ. ಪ್ರೊಫಿಷಿಯೆನ್ಸಿ ಬೋನಸ್‌ನಷ್ಟು ಸಲ, ದೀರ್ಘ ವಿಶ್ರಾಂತಿಯ ನಂತರ ಮತ್ತೆ.

ಕೊನೆಯ ಸಾಲೇ ಬೆಳವಣಿಗೆಯನ್ನೂ ನೋಡಿಕೊಳ್ಳುತ್ತದೆ. ಪ್ರೊಫಿಷಿಯೆನ್ಸಿ ಲೆವೆಲ್ 1ರಲ್ಲಿ 2, ಲೆವೆಲ್ 5ಕ್ಕೆ 3, 9ಕ್ಕೆ 4, 17ಕ್ಕೆ 6. ಸೇವ್ ಮಟ್ಟವೂ ಜೊತೆಗೇ ಏರುತ್ತದೆ. ಲೆವೆಲ್ 5 ತಲುಪಿದ ಮೇಲೆ ಒಮ್ಮೆ ಹಂತ 6ರ ಲೆಕ್ಕವನ್ನು ಹೊಸದಾಗಿ ಹಾಕಿ. ಅಲ್ಲಿ ಫೈಟರ್‌ಗೆ ಒಂದು ಸರದಿಗೆ ಎರಡು ಹೊಡೆತ ಸಿಗುತ್ತದೆ, ಹಾಗಾಗಿ ಅಡ್ವಾಂಟೇಜ್ ಕೊಡುವ ಯಾವುದೇ ಶಕ್ತಿಯ ಬೆಲೆ ತಾನಾಗಿ ಏರಿಬಿಡುತ್ತದೆ. ಅದು ಜಾಸ್ತಿ ಆಯಿತು ಅನಿಸಿದರೆ ಎಷ್ಟು ಸಲ ಅನ್ನುವುದನ್ನು ಎರಡಕ್ಕೇ ನಿಲ್ಲಿಸಿ, ಬದಲಿಗೆ ದೂರವನ್ನು 60 ಅಡಿಗೆ ಏರಿಸಿ.